ಅರ್ಧ ಗಂಟೆ ಕೂರಿಸುವ ಸಿಸ್ಟರ್

"ಅಮ್ಮ, ಸಿಸ್ಟರಜ್ಜಿ ಇನ್ನೂ ಸೂಜಿ ಹಾಕಿಸ್ಕೊಂಡಿಲ್ವಾ?"

ಗುಬ್ಬಿ ಈ ಪ್ರಶ್ನೆ ಕೇಳಿದ್ದು ಮೆಟ್ಟಿಲ ನಡುವೆ ನಿಂತು, ಮೇಲಿನ ಮನೆಗೂ ಕೆಳಗಿನ ಮನೆಗೂ ಚೆನ್ನಾಗಿ ಕೇಳುವ ಹಾಗೆ. ಐದು ವರ್ಷದ ಆ ಹುಡುಗಿಯ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಲಸಿಕೆ ಹಾಕಿಸಿಕೊಂಡ ದೊಡ್ಡವರು ಹತ್ತಿರ ಬರಬಹುದು, ಹಾಕಿಸಿಕೊಳ್ಳದವರು ದೂರ ನಿಲ್ಲಬೇಕು ಎಂದು ಅವಳ ತಾಯಿಯೇ ಹೇಳಿಕೊಟ್ಟಿದ್ದಳು. ಅಪ್ಪ ಹಾಕಿಸಿಕೊಂಡಿದ್ದ, ಹಾಲಿನವನು ಹಾಕಿಸಿಕೊಂಡಿದ್ದ. ಅವರೆಲ್ಲ ಈಗ ಧಾರಾಳವಾಗಿ ಗುಬ್ಬಿಯ ಕೆನ್ನೆ ಹಿಂಡುತ್ತಿದ್ದರು. ಕೆಳಗಿನ ಮನೆಯ ಸಿಸ್ಟರಜ್ಜಿ ಮಾತ್ರ ಇವತ್ತಿಗೂ ಅವಳನ್ನು ಕಂಡೊಡನೆ ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ತಾನು ಹುಟ್ಟಿದಾಗ ಎಲ್ಲರಿಗಿಂತ ಮೊದಲು ಎತ್ತಿಕೊಂಡವರು ಅವರೇ ಎಂದು ಗುಬ್ಬಿ ಎಷ್ಟೋ ಸಲ ಕೇಳಿಸಿಕೊಂಡಿದ್ದಳು. ಮೊದಲು ಎತ್ತಿಕೊಂಡವರೇ ಈಗ ಮುಟ್ಟುವುದಿಲ್ಲವೆಂದರೆ ಏನೋ ಕಾರಣ ಇರಲೇಬೇಕಲ್ಲ.

ತಾಯಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಏಯ್, ಊರಿಗೆಲ್ಲ ಹಾಕಿಸೋರೇ ಅವರು. ಅವರು ಹಾಕಿಸ್ಕೊಳ್ದೆ ಇರ್ತಾರಾ?" ಎಂದು ಮಗಳ ಬಾಯಿ ಮುಚ್ಚಿಸಿ, ಸಿಸ್ಟರ್ ಕಡೆಗೆ ನೋಡಿ, ತಪ್ಪು ತಿಳಿಯಬೇಡಿ ಎನ್ನುವಂತೆ ನಕ್ಕಳು.

ಸಿಸ್ಟರ್ ಮಾಸ್ಕಿನ ಮೇಲೆ ಎರಡೂ ಹುಬ್ಬುಗಳನ್ನು ಎತ್ತಿ ನಕ್ಕ ಹಾಗೆ ಮಾಡಿದರು, ಡ್ಯೂಟಿಗೆ ತಡವಾಯಿತೆಂದು ಇಳಿದುಹೋದರು. ಬೀದಿಯ ತಿರುವು ದಾಟುವವರೆಗೂ ಹಿಂತಿರುಗಿ ನೋಡಲಿಲ್ಲ. ದೊಡ್ಡ ಆಸ್ಪತ್ರೆ, ಅಷ್ಟೊಂದು ಡಾಕ್ಟರುಗಳು, ಅಷ್ಟೊಂದು ನರ್ಸುಗಳು. ಅಲ್ಲಿ ಒಬ್ಬರಿಗೂ ಹೊಳೆಯದ ಪ್ರಶ್ನೆ ಹಾಲುಹಲ್ಲಿನ ಹುಡುಗಿಗೆ ಹೊಳೆದಿತ್ತು. ಸಿಸ್ಟರ್ ನಿಜಕ್ಕೂ ಹಾಕಿಸಿಕೊಂಡಿರಲಿಲ್ಲ.

ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಎತ್ತರ ನೋಡಿದರೆ ಆ ಹೆಸರು ನಗು ಬರಿಸುವಂಥದ್ದು. ಹೆರಿಗೆ ಮಂಚದ ಪಕ್ಕದಲ್ಲಿ ಅವರಿಗೆಂದೇ ಒಂದು ಮರದ ಮಣೆ ಇತ್ತು, ಅದರ ಮೇಲೆ ಹತ್ತಿ ನಿಂತರೆ ಮಾತ್ರ ಕೈಗೆ ಬಲ ಸಿಗುತ್ತಿತ್ತು. ಆದರೆ ಹೆರಿಗೆ ವಾರ್ಡಿನ ಬಾಗಿಲು ದಾಟಿ ಒಳಗೆ ಬಂದರೆಂದರೆ ಅಲ್ಲಿ ಅವರದೇ ಮಾತು. ನೋವಿನಲ್ಲಿ ಗಂಡನನ್ನು ಬೈಯುವ ಹೆಂಗಸರಿಗೆ "ಬೈಯಿ, ಇವತ್ತು ಬಿಟ್ಟರೆ ಇಷ್ಟು ಜೋರಾಗಿ ಬೈಯೋಕೆ ಮತ್ತೆ ಯಾವಾಗ ಸಿಗ್ತಾನೆ" ಎಂದು ಹುರಿದುಂಬಿಸುವರು. ಹೊರಗೆ ಶತಪಥ ಹಾಕುವ ಗಂಡಂದಿರಿಗೆ ಏನಾದರೊಂದು ಕೆಲಸ ಹಚ್ಚುವರು. ಬಿಸಿನೀರು ತಾ, ಫ್ಲಾಸ್ಕು ತೊಳಿ, ಅತ್ತೆಗೆ ಫೋನು ಮಾಡು ಎಂದು. ಮಗುವನ್ನು ಸುತ್ತುವ ಬಟ್ಟೆಯನ್ನು ದೀಪದ ಕೆಳಗೆ ಹರಡಿ ಬೆಚ್ಚಗೆ ಮಾಡಿ, ಮುಂಗೈಗೆ ತಾಗಿಸಿ ನೋಡಿ, ಆಮೇಲೆಯೇ ಮಗುವನ್ನು ಅದರೊಳಗೆ ಇಡುವುದು. ಈ ಬಟ್ಟೆಯ ಕೆಲಸವನ್ನು ಅವರು ಇನ್ನೊಬ್ಬರಿಗೆ ಬಿಟ್ಟದ್ದಿಲ್ಲ.

ಸೋಂಕು ಬಂದ ಮೇಲೆ ಆ ವಾರ್ಡಿನ ಚಹರೆಯೇ ಬದಲಾಯಿತು. ಒಂದರ ಮೇಲೊಂದು ಗ್ಲೌಸು, ಪಾದದವರೆಗೆ ಗೌನು, ಮೂಗಿಗೆ ಕಚ್ಚಿಕೊಳ್ಳುವ ಬಿಗಿ ಮಾಸ್ಕು, ಅದರ ಮೇಲೆ ಇನ್ನೊಂದು, ಎಲ್ಲದರ ಮುಂದೆ ಪ್ಲಾಸ್ಟಿಕ್ಕಿನ ಪರದೆ. ಹೆರುವ ಹೆಂಗಸಿಗೆ ಎದುರಿಗಿರುವವರು ನಗುತ್ತಿದ್ದಾರೋ ಸಿಡುಕುತ್ತಿದ್ದಾರೋ ಗೊತ್ತಾಗುತ್ತಿರಲಿಲ್ಲ. ಸಿಸ್ಟರ್ ಕೈ ತೊಳೆಯುವ ತೊಟ್ಟಿಯ ಮೇಲಿನ ಕನ್ನಡಿ ನೋಡಿಕೊಂಡು ಹುಬ್ಬಿನಲ್ಲೇ ನಗುವುದನ್ನು ಅಭ್ಯಾಸ ಮಾಡಿದರು. ಕಿರಿಯ ನರ್ಸುಗಳು ಹಿಂದೆ ನಿಂತು ಕಿಸಕ್ಕೆನ್ನುತ್ತಿದ್ದರು. ವಾರ ಕಳೆಯುವುದರಲ್ಲಿ ಅವರೂ ಅದನ್ನೇ ಕಲಿತರು. ಮನೆಗೆ ಬಂದರೆ ಬಚ್ಚಲಿಗೆ ನೇರ ದಾರಿ. ಬಟ್ಟೆ ಬಕೆಟ್ಟಿಗೆ, ತಲೆಗೆ ನೀರು, ಆಮೇಲೆ ಮಾತು. ಅವರ ಯಜಮಾನರು, ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದವರು, ಬಾಗಿಲ ಬಳಿ ನಿಂತು ಸೀಟಿ ಊದಿ "ಬಚ್ಚಲಿಗೆ ಮುಂದೆ ನಡೆ" ಎನ್ನುತ್ತಿದ್ದರು.

ಲಸಿಕೆ ಬಂತು. ವಾರ್ಡಿನ ಹುಡುಗಿಯರಿಗೆಲ್ಲ ಸಿಸ್ಟರೇ ಮುಂದೆ ನಿಂತು ಹಾಕಿಸಿದರು, ಹೆದರಿದವಳ ಕೈ ಹಿಡಿದು ಕೂತರು. ಅದಕ್ಕೇ ಇರಬೇಕು, ನಿಮ್ಮದಾಯಿತೇ ಎಂದು ಅವರನ್ನು ಕೇಳಬೇಕೆಂದು ಒಬ್ಬರಿಗೂ ಅನಿಸಲಿಲ್ಲ.

ಅವರ ಭಯ ಹಳೆಯದು. ನರ್ಸಿಂಗ್ ಕಲಿಯುವ ಕಾಲದಲ್ಲಿ ಬೆರಳಿಗೆ ಕೀವಾಗಿ ಒಂದು ಇಂಜೆಕ್ಷನ್ ಕೊಟ್ಟಿದ್ದರು. ಆ ದಿನಗಳಲ್ಲಿ ಅವರು ತರಗತಿಯ ವಿದೂಷಕಿ. ಮೇಟ್ರನ್ ನಡೆಯುವುದನ್ನೂ ಡಾಕ್ಟರು ಕೆಮ್ಮುವುದನ್ನೂ ಮಾಡಿ ತೋರಿಸಿದರೆ ಹಾಸ್ಟೆಲ್ ಪೂರ್ತಿ ಬಿದ್ದು ಬಿದ್ದು ನಗುತ್ತಿತ್ತು. ಇಂಜೆಕ್ಷನ್ ಆಗಿ ಸ್ವಲ್ಪ ಹೊತ್ತಿಗೆ ತುಟಿ ಊದಿತು, ನಾಲಿಗೆ ದಪ್ಪವಾಯಿತು, ಗಂಟಲನ್ನು ಒಳಗಿನಿಂದ ಯಾರೋ ಮುಷ್ಟಿ ಕಟ್ಟಿ ಹಿಡಿದಂತಾಯಿತು. ಮಾತು ಬರದೆ ಕೈಯಾಡಿಸಿ ತೋರಿಸಿದರು. ಗೆಳತಿಯರು ನಕ್ಕರು. ಇನ್ನೂ ಜೋರಾಗಿ ಕೈಯಾಡಿಸಿದರು, ಅವರು ಇನ್ನೂ ನಕ್ಕರು. ನೆಲ ಒರೆಸುತ್ತಿದ್ದ ಆಯಾ ಒಬ್ಬಳು ಮುಖ ನೋಡಿ ಕೂಗಿಕೊಂಡಿದ್ದರಿಂದ ಜೀವ ಉಳಿಯಿತು. ಉಸಿರು ಕಟ್ಟಿದ್ದು ಅವರಿಗೆ ಈಗ ಅಷ್ಟಾಗಿ ನೆನಪಿಲ್ಲ. ಆ ನಗು ಮಾತ್ರ ಕಿವಿಯಲ್ಲೇ ಉಳಿದಿದೆ.

ಆವತ್ತಿನ ಔಷಧಿಯೇ ಬೇರೆ, ಈ ಲಸಿಕೆಯೇ ಬೇರೆ, ಇದರಲ್ಲಿ ಆ ಅಂಶವಿಲ್ಲ. ಹಾಕಿಸಿಕೊಳ್ಳಿ, ಬೇಕಾದರೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂತಿರಿ, ಪಕ್ಕದಲ್ಲಿ ತುರ್ತು ಔಷಧಿಯ ಟ್ರೇ ಇರುತ್ತದೆ ಎಂದು, ಹಿಂದೆ ಇಂಥದ್ದಾಗಿದ್ದವರಿಗೆಲ್ಲ ಡಾಕ್ಟರು ಬಿಡಿಸಿ ಹೇಳುತ್ತಿದ್ದರು. ಸಿಸ್ಟರಿಗೆ ತಿಳಿಯದ ವಿಷಯವೇ ಅದು? ಇದೇ ಮಾತನ್ನು ತಾವೇ ಇನ್ನೊಬ್ಬರಿಗೆ ಹೇಳುತ್ತಿದ್ದರು. ತಲೆ ಒಪ್ಪಿತು, ಗಂಟಲು ಒಪ್ಪಲಿಲ್ಲ. ಮೊದಲ ಸಲ ಸರದಿ ಬಂದಾಗ ತಮ್ಮ ಜಾಗವನ್ನು ಆಯಾ ಒಬ್ಬಳಿಗೆ ಬಿಟ್ಟುಕೊಟ್ಟರು. ಮುಂದಿನ ಸಲ ಅದೇ ಹೊತ್ತಿಗೆ ಹೆರಿಗೆ ಬಂತು. ಮತ್ತೊಮ್ಮೆ ಕುರ್ಚಿಯವರೆಗೆ ಹೋಗಿ ರವಿಕೆಯ ತೋಳು ಮಡಚಿದವರು ಅದನ್ನು ಮೆಲ್ಲಗೆ ಇಳಿಸಿ, ಹೊರಗಿನವರು ಪಾಪ ಕಾಯ್ತಿದ್ದಾರೆ, ಅವರಿಗೆ ಹಾಕಿ ಎಂದು ಎದ್ದುಬಂದರು. ಎಲ್ಲರೂ ಅವರ ದೊಡ್ಡ ಮನಸ್ಸನ್ನು ಹೊಗಳಿದರು. ಹೊಗಳಿಕೆ ಮುಳ್ಳಿನ ಹಾಗೆ ಚುಚ್ಚಿತು, ಆದರೂ ಬಾಯಿ ಬಿಡಲಿಲ್ಲ.

ಮನೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಡ್ರಿಲ್ ಮೇಷ್ಟ್ರು ತಾವು ಲಸಿಕೆ ಹಾಕಿಸಿಕೊಂಡು ಬಂದು ತೋಳು ತಿರುಗಿಸಿ ತೋರಿಸಿ, "ನಿಂದು ಯಾವಾಗ?" ಎಂದಾಗ, "ನಂದು ಇವತ್ತೇ ಆಯ್ತು" ಎಂಬ ಮಾತು ಸಿಸ್ಟರ ಬಾಯಿಂದ ತಾನಾಗಿ ಉದುರಿತು. ಹೇಳಿದ ಮೇಲೆ ಸುಳ್ಳನ್ನು ಸಾಕಬೇಕಲ್ಲ. ತೋಳಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದರು. ಪಾಪ, ಮೇಷ್ಟ್ರು ಎರಡು ದಿನ ಅಡುಗೆ ಮಾಡಿದರು, ತಳ ಹತ್ತಿದ ಪಾತ್ರೆ ಉಜ್ಜಿದರು, ಗಂಟೆಗೊಮ್ಮೆ ಹಣೆ ಮುಟ್ಟಿ ನೋಡಿದರು. ಆ ಎರಡು ದಿನ ಸಿಸ್ಟರಿಗೆ ಒಂದು ತುತ್ತೂ ಸರಿಯಾಗಿ ಇಳಿಯಲಿಲ್ಲ. ಮೇಷ್ಟ್ರು ಅದನ್ನೂ ಲಸಿಕೆಯ ಲೆಕ್ಕಕ್ಕೇ ಹಾಕಿದರು.

ಹೀಗಿರುವಾಗ ಆಸ್ಪತ್ರೆಯಿಂದ ಆದೇಶ ಬಂತು. ಲಸಿಕೆ ಹಾಕಿಸಿಕೊಳ್ಳದ ಸಿಬ್ಬಂದಿ ಮುಂದಿನ ತಿಂಗಳಿನಿಂದ ರೋಗಿಗಳ ಹತ್ತಿರ ಹೋಗುವಂತಿಲ್ಲ. ಅಂಥವರನ್ನು ಬಟ್ಟೆಯ ಉಗ್ರಾಣಕ್ಕೋ ಕಚೇರಿಗೋ ಹಾಕಲಾಗುವುದು. ಸಿಸ್ಟರ್ ಉಗ್ರಾಣದ ಮುಂದೆ ಹಾದುಹೋಗುವಾಗ ಒಳಗೆ ಇಣುಕಿದರು. ಕಿಟಕಿಯಿಲ್ಲದ ಕೋಣೆ, ಸೂರಿನವರೆಗೆ ಮಡಚಿಟ್ಟ ಹಾಸುಗಳು, ಗಂಜಿ ಹಾಕಿದ ವಾಸನೆ. ನೆಮ್ಮದಿಯ ಕೆಲಸವೇ. ಆದರೆ ಅಲ್ಲಿ ಯಾರೂ ಅಳುವುದಿಲ್ಲ, ಯಾರೂ ಹುಟ್ಟುವುದಿಲ್ಲ. ಹೆರಿಗೆ ಕೋಣೆಯ ಆ ಮಣೆಯ ಮೇಲೆ ಬೇರೆ ಯಾರೋ ಹತ್ತಿ ನಿಲ್ಲುವುದನ್ನು ನೆನೆದು ಸಿಸ್ಟರ್ ವಾರ್ಡಿನ ಕಡೆಗೆ ಬೇಗ ಬೇಗ ನಡೆದರು.

ವಿಚಿತ್ರವೆಂದರೆ ಅದೇ ದಿನಗಳಲ್ಲಿ ಅವರಿಗೆ ಬೆಳಗಿನ ಹೊತ್ತು ಲಸಿಕೆ ಹಾಕುವ ಕಡೆ ಡ್ಯೂಟಿ ಬಿದ್ದಿತ್ತು. ಸೂಜಿ ಚುಚ್ಚುವುದು ಬೇರೆಯವರು. ಚುಚ್ಚಿಸಿಕೊಂಡವರನ್ನು ಪಕ್ಕದ ಹಾಲ್‌ನಲ್ಲಿ ಅರ್ಧ ಗಂಟೆ ಕೂರಿಸಿಕೊಂಡು ನೋಡುವುದು ಸಿಸ್ಟರ ಪಾಲಿಗೆ. ಕೈ ಚಾಚಿದರೂ ತಾಗದಷ್ಟು ದೂರ ದೂರ ಇಟ್ಟ ಪ್ಲಾಸ್ಟಿಕ್ ಕುರ್ಚಿಗಳು, ಎದುರಿಗೆ ಒಂದು ಗಡಿಯಾರ, ಮೂಲೆಯಲ್ಲಿ ಮಂಚ ಮತ್ತು ಟ್ರೇ. ಜನ ಐದು ನಿಮಿಷಕ್ಕೇ ಚಡಪಡಿಸುತ್ತಿದ್ದರು. ಒಬ್ಬನಿಗೆ ಗಾಡಿ ತಪ್ಪಾದ ಕಡೆ ನಿಲ್ಲಿಸಿದ ನೆನಪಾಗುವುದು, ಒಬ್ಬಳು ಒಲೆ ಆರಿಸಿಲ್ಲವೆನ್ನುವಳು, ಇನ್ನೊಬ್ಬ ಫೋನು ಕಿವಿಗಿಟ್ಟು ಮಾತಾಡುತ್ತ ಮಾತಾಡುತ್ತ ಬಾಗಿಲ ಕಡೆ ಜಾರುವನು. "ಫೋನಲ್ಲಿ ಆ ಕಡೆ ಯಾರೂ ಇಲ್ಲ ಅಂತ ನಂಗೂ ಗೊತ್ತು, ಬಂದು ಕೂತ್ಕೊಳ್ಳಿ" ಎಂದು ಸಿಸ್ಟರ್ ಎದ್ದೇಳದೆ ಹೇಳುವರು. ಹೀಗಾಗಿ ಬೀದಿಯಲ್ಲಿ ಅವರಿಗೆ ಅರ್ಧ ಗಂಟೆ ಕೂರಿಸುವ ಸಿಸ್ಟರ್ ಎಂದು ಹೆಸರಾಯಿತು. ಅವರ ಕಣ್ಣು ಒಂದು ತುಟಿಯಿಂದ ಇನ್ನೊಂದು ಕುತ್ತಿಗೆಗೆ, ಅಲ್ಲಿಂದ ತುರಿಸುವ ಬೆರಳಿಗೆ ಓಡಾಡುತ್ತಲೇ ಇರುತ್ತಿತ್ತು. ಎಷ್ಟು ಎಚ್ಚರ ನೋಡಿ ಎಂದು ಡಾಕ್ಟರು ಮೆಚ್ಚಿದರು. ಅದು ಎಚ್ಚರವೋ ಹೆದರಿಕೆಯೋ ಎಂದು ಸಿಸ್ಟರಿಗೇ ಹೇಳಲು ಬರುತ್ತಿರಲಿಲ್ಲ.

ಗುಬ್ಬಿ ಮೆಟ್ಟಿಲ ಮೇಲೆ ಪ್ರಶ್ನೆ ಕೇಳಿದ್ದು ಸಿಸ್ಟರ್ ಆ ಡ್ಯೂಟಿಗೆ ಹೊರಟ ಒಂದು ಬೆಳಿಗ್ಗೆ. ಆವತ್ತು ಸಿಸ್ಟರ ಮನಸ್ಸು ನೆಟ್ಟಗಿರಲಿಲ್ಲ. ಹಾಲ್‌ನಲ್ಲಿ ಮೂರನೆಯ ಸಾಲಿನ ಕುರ್ಚಿಯಲ್ಲಿ ಗೋಡೆಗೆ ಬಣ್ಣ ಬಳಿಯುವ ಒಬ್ಬಾತ ಕೂತಿದ್ದ. ಲಸಿಕೆಯಾಗಿ ಹತ್ತು ನಿಮಿಷವಾಗಿರಬಹುದು. ಕುತ್ತಿಗೆ ಕೆಂಪಗೆ ಬರೆಬರೆಯಾಗಿ ಎದ್ದಿತ್ತು, ಆತ ತುರಿಸಿಕೊಳ್ಳುತ್ತಿದ್ದ, ಒಂದೆರಡು ಸಲ ಕೆಮ್ಮಿದ. ಸಿಸ್ಟರಿಗೆ ಅಷ್ಟು ಸಾಕಾಯಿತು. ಹೋಗಿ ಆತನನ್ನು ಮಂಚಕ್ಕೆ ಒರಗಿಸಿದರು, ಕಾಲು ಮೇಲೆತ್ತಿಸಿದರು, ಡಾಕ್ಟರನ್ನು ಕೂಗಿದರು, ಔಷಧಿಯನ್ನು ಸಿರಿಂಜಿಗೆ ಎಳೆದುಕೊಂಡರು. ಆತ ಏನೋ ಹೇಳಲು ಬಾಯಿ ತೆರೆದ. ಮಾತಾಡಬೇಡ, ಮಾತಾಡಬೇಡ ಎಂದು ಎದೆ ಒತ್ತಿ ಹಿಡಿದರು. ಇನ್ನೇನು ತೊಡೆಗೆ ಚುಚ್ಚಬೇಕು, ಎಳೆಯ ಡಾಕ್ಟರು ಓಡಿಬಂದು ಅವರ ಮಣಿಕಟ್ಟು ಹಿಡಿದುಕೊಂಡರು.

"ಸಿಸ್ಟರ್, ಒಂದು ನಿಮಿಷ. ಅವರು ಏನೋ ಹೇಳ್ತಿದ್ದಾರೆ ಕೇಳಿ."

ಬಣ್ಣದವನು ಉಗುಳು ನುಂಗಿಕೊಂಡು, "ಬಣ್ಣ ತೆಗೆಯೋ ಥಿನ್ನರ್ ಹಾಕಿ ಉಜ್ಕೊಂಡೆ ಮೇಡಂ. ಆಸ್ಪತ್ರೆಗೆ ಹೋಗ್ಬೇಕು, ಕುತ್ತಿಗೆ ತುಂಬ ಬಣ್ಣ ಇತ್ತು, ಚೆನ್ನಾಗಿರಲ್ಲ ಅಂತ" ಎಂದ.

ಡಾಕ್ಟರಿಗೆ ಬಗ್ಗಿದೊಡನೆ ವಾಸನೆ ಹೊಡೆದಿತ್ತು. ಸಿಸ್ಟರ ಮುಖಕ್ಕೆ ಎರಡು ಮಾಸ್ಕು, ಮುಂದೊಂದು ಪರದೆ, ಮೂಗಿಗೆ ಬರುವುದೆಲ್ಲಿಂದ? ಆತನ ಉಸಿರು, ನಾಡಿ, ರಕ್ತದೊತ್ತಡ ಎಲ್ಲ ಸರಿಯಾಗಿಯೇ ಇತ್ತು. ಡಾಕ್ಟರು ಬೈಯಲಿಲ್ಲ. ಮೈಮರೆತು ಕೂರುವುದಕ್ಕಿಂತ ಇದೇ ವಾಸಿ ಎಂದು ಸಮಾಧಾನ ಹೇಳಿ ಹೋದರು. ಬಣ್ಣದವನು ಎದ್ದು ಕೂತು, ತಾನೇ ಏನೋ ತಪ್ಪು ಮಾಡಿದವನ ಹಾಗೆ ಮುಖ ಮಾಡಿಕೊಂಡ. ಅದನ್ನು ನೋಡಲಾಗದೆ ಸಿಸ್ಟರ್ ಬೇರೆ ಕಡೆ ತಿರುಗಿದರು. ಆತನಿಗೆ ಬಾಯಿತ್ತು, ಮಾತಿತ್ತು, ಆತ ಹೇಳುತ್ತಲೂ ಇದ್ದ. ಕೇಳಿಸಿಕೊಳ್ಳದವರು ಈ ಸಲ ತಾವು.

ಆದರೆ ಕೆಲಸ ಕೆಟ್ಟದ್ದು ಹೊರಗೆ. ಗಾಜಿನ ಬಾಗಿಲಿಂದ ಸರದಿಯವರಿಗೆಲ್ಲ ಕಂಡದ್ದಿಷ್ಟೇ: ಗಟ್ಟಿಮುಟ್ಟಾದ ಒಬ್ಬ ಗಂಡಸು ಕಾಲು ಮೇಲೆ ಮಾಡಿಕೊಂಡು ಮಲಗಿದ್ದಾನೆ, ನರ್ಸು ಕೂಗುತ್ತಿದ್ದಾರೆ, ಡಾಕ್ಟರು ಓಡುತ್ತಿದ್ದಾರೆ. ಸರದಿ ಉಪ್ಪು ನೀರಿನಲ್ಲಿ ಕರಗಿದಂತೆ ಕರಗಿತು. ಹಾಗೆ ಹೋದವರಲ್ಲಿ ಬೇಕರಿ ಹುಡುಗಿಯೂ ಇದ್ದಳು. ಬೇಕರಿಯ ಕೌಂಟರಿನಲ್ಲಿ ನಿಂತು ಕೆಲಸ ಮಾಡುವ ಆ ಚೊಚ್ಚಲ ಬಸುರಿಯನ್ನು ಸಿಸ್ಟರ್ ಪ್ರತಿ ತಪಾಸಣೆಯಲ್ಲೂ ಬೆನ್ನು ಹತ್ತಿ, ದಿನವಿಡೀ ಹತ್ತು ಜನರ ಉಸಿರಿನ ಮುಂದೆ ನಿಲ್ಲುವವಳು ನೀನು ಎಂದು ಬುದ್ಧಿ ಹೇಳಿ, ಅಂತೂ ಇಂತೂ ಒಪ್ಪಿಸಿದ್ದರು. ಅವಳ ಅತ್ತೆ ಕೈ ಹಿಡಿದು ದರದರ ಎಳೆದುಕೊಂಡು ಹೋದದ್ದನ್ನು ಸಿಸ್ಟರ್ ಕಣ್ಣಾರೆ ಕಂಡರು. ಸಂಜೆಯೊಳಗೆ ಮಾತು ಕೇರಿ ದಾಟಿ, ಬಣ್ಣದವನು ಮೂರ್ಛೆ ಹೋದ ಎಂದಾಯಿತು. ಮರುದಿನ ಆತ ಏಣಿ ಹತ್ತಿ ಮುಖ್ಯರಸ್ತೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದರೂ ಜನ ಕಣ್ಣಿಗಿಂತ ಕಿವಿಯನ್ನೇ ನಂಬಿದರು. ಹಾಲ್‌ನ ಕುರ್ಚಿಗಳು ಅರ್ಧಕ್ಕರ್ಧ ಖಾಲಿ ಬಿದ್ದವು.

ಕೆಲವು ದಿನ ಕಳೆದು ಬೇಕರಿ ಹುಡುಗಿ ತಪಾಸಣೆಗೆ ಬಂದಳು. ಸಿಸ್ಟರ್ ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಹುಡುಕುತ್ತ, ಥಿನ್ನರಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ತಪ್ಪು ನನ್ನದೇ, ಲಸಿಕೆಯದಲ್ಲ ಎಂದರು. ಹುಡುಗಿ ನಕ್ಕಳು. ನಕ್ಕು, ಮಲಗಿದ್ದಲ್ಲಿಂದಲೇ ಕೇಳಿದಳು.

"ನಿಮಗೆ ಹಾಕಿಸ್ಕೊಂಡಾಗ ಹೇಗಾಯ್ತು ಸಿಸ್ಟರ್? ಅದು ಹೇಳಿ. ನೀವು ಹೇಳಿದ್ರೆ ನಂಬ್ತೀನಿ."

ಸಿಸ್ಟರ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು. ಒದ್ದೆ ಬಟ್ಟೆ, ಎರಡು ದಿನದ ಜ್ವರ, ಗಂಡನ ಅಡುಗೆ. ಮೇಷ್ಟ್ರನ್ನು ನಂಬಿಸಿದ ಕಥೆಗೆ ಕೈಕಾಲೆಲ್ಲ ಇತ್ತು. ಆದರೆ ಅವರ ಕೈ ಇನ್ನೂ ಆ ಹೊಟ್ಟೆಯ ಮೇಲೇ ಇತ್ತು, ಒಳಗಿನದು ಆಗಲೇ ಒಮ್ಮೆ ಒದೆಯಿತು.

"ನಾನು ಹಾಕಿಸ್ಕೊಂಡಿಲ್ಲಮ್ಮ" ಎಂದರು. "ನಂಗೆ ಭಯ."

ಹುಡುಗಿ ಬೈದಿದ್ದರೆ, ಬಾಗಿಲು ಬಡಿದುಕೊಂಡು ಹೋಗಿದ್ದರೆ, ಮೇಲಿನವರಿಗೆ ದೂರು ಕೊಟ್ಟಿದ್ದರೆ ಸಿಸ್ಟರಿಗೆ ಸಲೀಸಾಗುತ್ತಿತ್ತು. ಅವಳು ಹಾಗೇನೂ ಮಾಡಲಿಲ್ಲ. ಬೇಕರಿಯಲ್ಲಿ ಗಿರಾಕಿಯ ಜೊತೆ ವ್ಯವಹಾರ ಮುಗಿಸುವವಳಂತೆ ಹೇಳಿದಳು.

"ನಂಗೂ ಭಯಾನೇ. ಹಾಗಾದ್ರೆ ನೀವು ಮೊದಲು ಹಾಕಿಸ್ಕೊಳ್ಳಿ. ಆಮೇಲೆ ನಾನು. ನೀವು ಹಾಕಿಸ್ಕೊಳ್ಳೋವರೆಗೆ ನಾನೂ ಇಲ್ಲ."

ಎದ್ದು ಚಪ್ಪಲಿ ಮೆಟ್ಟಿ, ಹೊರಗೆ ಕಾಯುತ್ತಿದ್ದ ಅತ್ತೆಯ ಹಿಂದೆ ಹೊಟ್ಟೆ ಹೊತ್ತುಕೊಂಡು ನಿಧಾನವಾಗಿ ನಡೆದುಹೋದಳು. ಸಿಸ್ಟರ್ ಗ್ಲೌಸು ಬಿಚ್ಚಿ, ಕೈ ತೊಳೆದು, ಮತ್ತೆ ತೊಳೆದು, ಒರೆಸಿಕೊಂಡು, ಸೀದಾ ಮೇಟ್ರನ್ ಕೋಣೆಗೆ ಹೋದರು. ಉಗ್ರಾಣವೋ ವಾರ್ಡೋ ಎಂಬ ಪ್ರಶ್ನೆ ಇದ್ದೇ ಇತ್ತು. ಅದಕ್ಕಿನ್ನು ಒಂದು ವಾರವೂ ಉಳಿದಿರಲಿಲ್ಲ. ಆದರೆ ಈಗ ಅವರ ಕಣ್ಣ ಮುಂದೆ ಇದ್ದದ್ದು ಕೌಂಟರಿನ ಹಿಂದೆ ನಿಂತ ಆ ಬಸುರಿ, ಮುಂದೆ ಕೆಮ್ಮುತ್ತ ನಿಂತ ಗಿರಾಕಿಗಳು.

ಮೇಟ್ರನ್ ಅವರ ಮಾತನ್ನು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಸಿಸ್ಟರನ್ನು ಹೊಸಬರನ್ನು ನೋಡುವಂತೆ ನೋಡಿದರು. ಇಷ್ಟು ದಿನ ಹೇಳದೆ ವಾರ್ಡಿನಲ್ಲಿ ಓಡಾಡಿದ್ದಕ್ಕೆ ನಾಲ್ಕು ಮಾತು ಖಾರವಾಗಿಯೇ ಅಂದರು. ಬಾಣಂತಿಯರಿಗೆ, ಎಳೆಗೂಸುಗಳಿಗೆ ಏನಾದರೂ ಆಗಿದ್ದರೆ ಎಂದರು. ಆಮೇಲೆ ದನಿ ಇಳಿಸಿ, ನಾಳೆ ಬೆಳಿಗ್ಗೆ ಮೊದಲನೆಯವಳು ನೀನೇ ಎಂದರು; ಡಾಕ್ಟರು ಪಕ್ಕದಲ್ಲೇ ಇರಲಿ, ಟ್ರೇ ಇರಲಿ, ಒಂದು ಗಂಟೆ ಕೂರಿಸೋಣ ಎಂದರು. "ಊರಿಗೆಲ್ಲ ಕಾವಲು ಕೂತೆಯಲ್ಲ, ನಾಳೆ ನಿನ್ನ ಕಾವಲಿಗೆ ನಾನು ಕೂರ್ತೀನಿ. ಆದರೆ ಎತ್ತಿ ತರೋಕೆ ನನ್ನ ಕೈಲಾಗಲ್ಲ, ಕಾಲಿದೆ, ನಡ್ಕೊಂಡು ಬಾ."

ಸಂಜೆ ಸಿಸ್ಟರ್ ಮನೆಗೆ ಬಂದು, ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಟವೆಲ್ ಸುತ್ತಿ ಮೆಟ್ಟಿಲ ಮೇಲೆ ಬಂದು ಕೂತರು. ಮೇಷ್ಟ್ರು ಒಳಗೆ ರೇಡಿಯೋ ಹಾಕಿಕೊಂಡಿದ್ದರು. ಬಟ್ಟೆ ಒಣಗಿಸಿ ಇಳಿಯುತ್ತಿದ್ದ ಗುಬ್ಬಿಯ ತಾಯಿ, ಬಕೆಟ್ಟು ಪಕ್ಕಕ್ಕಿಟ್ಟು, ನಡುವೆ ಬೇಕಷ್ಟು ಮೆಟ್ಟಿಲು ಬಿಟ್ಟು ಮೇಲಿನ ಮೆಟ್ಟಿಲಲ್ಲಿ ಕೂತಳು. ಮಗಳ ಬಾಯಿಯ ಬಗ್ಗೆ ಕ್ಷಮೆ ಕೇಳಬೇಕೆಂದು ಅವಳು ಅಂದಿನಿಂದ ಕಾಯುತ್ತಿದ್ದಳು. ಸಿಸ್ಟರ್ ಅವಳಿಗೆ ಬಾಯಿ ತೆರೆಯಲು ಬಿಡಲಿಲ್ಲ. ನಿನ್ನ ಮಗಳು ಕೇಳಿದ್ದು ಸರಿಯಾಗೇ ಇತ್ತು ಎಂದು ಶುರುಮಾಡಿ, ಹಾಸ್ಟೆಲಿನ ನಗುವಿನಿಂದ ಹಿಡಿದು ಮೇಟ್ರನ್ ಕೋಣೆಯವರೆಗೆ ಎಲ್ಲವನ್ನೂ ಹೇಳಿದರು. ನಡುವೆ ಬಣ್ಣದವನು ಮಂಚದ ಮೇಲೆ ಕಣ್ಣು ಕಣ್ಣು ಬಿಟ್ಟದ್ದನ್ನು ಮಾಡಿ ತೋರಿಸಿದರು. ಹಳೆಯ ವಿದ್ಯೆ ಮರೆತಿರಲಿಲ್ಲ. ಗುಬ್ಬಿಯ ತಾಯಿ ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು.

ಕೊನೆಗೆ ಅವಳು ಕೇಳಿದ್ದು ಬುದ್ಧಿವಂತಿಕೆಯ ಪ್ರಶ್ನೆ. ಮೇಷ್ಟ್ರಿಗೆ ಹೇಳಿದ್ದೀರಾ?

ನಾಳೆ ಹಾಕಿಸಿಕೊಂಡು ಬಂದು ಹೇಳುತ್ತೇನೆ ಎಂದರು ಸಿಸ್ಟರ್. ಈಗಲೇ ಹೇಳಿದರೆ ಅವರು ರಾತ್ರಿಯೆಲ್ಲ ಸೀಟಿ ಹಿಡಿದುಕೊಂಡು ನಿಂತಿರುತ್ತಾರೆ. ಎರಡು ದಿನ ಅಡುಗೆ ಮಾಡಿದ ಮನುಷ್ಯ, ಮತ್ತೆ ಎರಡು ದಿನ ಮಾಡಲಿ, ಈ ಸಲ ನ್ಯಾಯವಾಗಿ ಉಣ್ಣುತ್ತೇನೆ.

ಸಿಸ್ಟರ್ ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಮೇಲೆ ನೋಡದೆ ಮಾತಾಡಿದರು.

"ನೀನು ನಂಗೊಂದು ಉಪಕಾರ ಮಾಡ್ಬೇಕು ಕಣೆ. ನಾಳೆ ಬೆಳಿಗ್ಗೆ ಬಂದು ಬಾಗಿಲು ತಟ್ಟು. ನಾನು ಏನಾದ್ರೂ ಹೇಳ್ತೀನಿ. ತಲೆನೋವು ಅಂತೀನಿ, ಮೇಟ್ರನ್ ಫೋನ್ ಮಾಡಿದ್ರು ಅಂತೀನಿ, ಯಾರಿಗೋ ನೋವು ಶುರುವಾಗಿದೆ ಅಂತೀನಿ. ಚೆನ್ನಾಗೇ ಹೇಳ್ತೀನಿ, ನಂಬೋ ಹಾಗೇ ಇರುತ್ತೆ. ನೀನು ಆಗಲಿ ಸಿಸ್ಟರ್ ಅಂತ ಮೇಲೆ ಹೋಗ್ಬಿಡ್ಬೇಡ. ನಾನು ಚಪ್ಪಲಿ ಹಾಕ್ಕೊಂಡು ಆಚೆ ಬರೋವರೆಗೂ ಬಾಗಿಲಲ್ಲೇ ನಿಂತ್ಕೊ."